ಲೇಯರ್ ಸೊನ್ನೆಯಿಂದ ಶುರುವಾದ ಕಥೆ

ಇತಿಹಾಸ ಹೇಳೋಕೆ ಕೂತಿದ್ದೇನೆ, ಆದರೆ ಎರಡು ಕಂಬಗಳಿಂದ ಶುರು ಮಾಡಬೇಕು. ಸ್ವಲ್ಪ ತಾಳ್ಮೆ ಇರಲಿ.

ನನ್ನ ಹೊಟ್ಟೆಪಾಡು ಇನ್ನೂ ಕಟ್ಟದ ಮನೆಗಳ ಚಿತ್ರ ಮಾಡುವುದು. ಆರ್ಕಿಟೆಕ್ಟ್ ಕಚೇರಿಯಿಂದ ಮನೆಯ ಮೂರು ಆಯಾಮದ ಮಾದರಿ ಒಂದು ಕಡತವಾಗಿ ಬರುತ್ತದೆ. ಅದನ್ನು ರೆಂಡರಿಂಗ್ ತಂತ್ರಾಂಶದೊಳಕ್ಕೆ ಇಂಪೋರ್ಟ್ ಮಾಡಿಕೊಂಡು, ಗೋಡೆಗೆ ಬಣ್ಣ, ನೆಲಕ್ಕೆ ಗ್ರಾನೈಟು, ಕಿಟಕಿಗೆ ಗಾಜು, ಅಂಗಳಕ್ಕೊಂದು ಮಾವಿನ ಮರ, ಸಂಜೆ ಐದು ಗಂಟೆಯ ಬಿಸಿಲು ಎಲ್ಲ ಹಾಕಿ ಫೋಟೋದಂಥ ಚಿತ್ರ ತೆಗೆದುಕೊಡುತ್ತೇನೆ. ಮನೆಯವರು ಅದನ್ನು ನೋಡಿ 'ಹೂಂ' ಅಂದರೆ ಕೆಲಸ ಮುಂದಕ್ಕೆ ಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ಹೀಗೇ ಒಂದು ಮನೆ ಬಂತು. ನಿವೃತ್ತ ಮೇಷ್ಟ್ರೊಬ್ಬರದು. ಮಾದರಿಯನ್ನು ಒಳಕ್ಕೆ ತಂದ ಕೂಡಲೇ ಕಾರು ನಿಲ್ಲಿಸುವ ಪೋರ್ಟಿಕೋದ ಛಾವಣಿ ಮಿಣಮಿಣ ಅಂತ ಮಿನುಗೋಕೆ ಶುರುವಾಯಿತು. ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಕಾಯಿಲೆ ಇದು. ಒಂದೇ ಜಾಗದಲ್ಲಿ ಎರಡು ಮೇಲ್ಮೈಗಳು ಕೂತಿದ್ದರೆ ಯಾವುದು ಮುಂದೆ, ಯಾವುದು ಹಿಂದೆ ಅಂತ ಗಣಕಕ್ಕೆ ತೀರ್ಮಾನವಾಗುವುದಿಲ್ಲ. ಒಮ್ಮೆ ಇದನ್ನು ತೋರಿಸುತ್ತೆ, ಮರುಕ್ಷಣ ಅದನ್ನು. ಹುಡುಕಿ ನೋಡಿದರೆ 'ಟೆಂಪ್1' ಎಂಬ ಲೇಯರಿನಲ್ಲಿ ಅದೇ ಛಾವಣಿಯ ಇನ್ನೊಂದು ಪ್ರತಿ ಇತ್ತು. ಹೆಸರೇ ಟೆಂಪ್, ತಾತ್ಕಾಲಿಕ. ಲೇಯರ್ ಆಫ್ ಮಾಡಿದೆ. ಮಿನುಗು ನಿಂತಿತು. ರಾತ್ರಿ ಹನ್ನೊಂದಾಗಿತ್ತು, ಬೆಳಿಗ್ಗೆ ಚಿತ್ರ ಕೊಡಬೇಕಿತ್ತು.

ಅದೇ ಟೆಂಪ್1ರಲ್ಲಿ ಪೋರ್ಟಿಕೋದ ಎರಡು ಕಂಬಗಳೂ ಇದ್ದವು. ನಾನು ನೋಡಲಿಲ್ಲ.

ಮೇಷ್ಟ್ರಿಗೆ ಚಿತ್ರ ಎಷ್ಟು ಹಿಡಿಸಿತು ಅಂದರೆ, ಅದರಲ್ಲೂ ಪೋರ್ಟಿಕೋ! 'ಛಾವಣಿ ಗಾಳಿಯಲ್ಲಿ ತೇಲಿದ ಹಾಗಿದೆಯಲ್ರೀ' ಅಂದರು. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಬಾಡಿಗೆ ಮನೆಯ ಹಜಾರದಲ್ಲಿ ತೂಗುಹಾಕಿದರು. ಏಳೆಂಟು ತಿಂಗಳ ನಂತರ ಅವರಿಂದ ಫೋನ್ ಬಂತು. ಸೈಟಿನಲ್ಲಿ ಎರಡು ಕಂಬ ಎದ್ದಿವೆ, ಒಂದು ಸರಿಯಾಗಿ ಕಾರು ತಿರುಗುವ ಜಾಗದಲ್ಲೇ ಇದೆ. ಇಂಜಿನಿಯರರ ನಕ್ಷೆಯಲ್ಲಿ ಆ ಕಂಬಗಳು ಮೊದಲ ದಿನದಿಂದ ಇದ್ದವು, ಕಟ್ಟಿದವರದೇನೂ ತಪ್ಪಿಲ್ಲ. ಮೇಷ್ಟ್ರು ಕೂಗಾಡಲಿಲ್ಲ. 'ಹಾಗಾದರೆ ನೀವು ನಮಗೆ ತೋರಿಸಿದ್ದು ಯಾರ ಮನೆ?' ಅಂತ ಕೇಳಿದರು, ಅಷ್ಟೇ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಟೆಂಪ್1ರಲ್ಲಿ ಕಂಬ ಇಟ್ಟವರ ಮೇಲೆ ಹೇಳಬಹುದಿತ್ತು. ಆದರೆ ಆಫ್ ಮಾಡಿದ ಬೆರಳು ನನ್ನದು. ಆಮೇಲೆ ಬಹಳ ದಿನ ಒಂದೇ ಯೋಚನೆ: ಈ ಲೇಯರ್ ಅನ್ನೋದು ಅಸಲಿಗೆ ಏನು? ಎಲ್ಲಿಂದ ಬಂತು? ದಿನಕ್ಕೆ ನೂರು ಸಲ ಮುಟ್ಟುವ ವಸ್ತುವಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಓದುತ್ತಾ ಹೋದೆ. ಓದಿದ್ದನ್ನು ಇಲ್ಲಿ ಜೋಡಿಸಿದ್ದೇನೆ.

ಮೊದಲಿಗೆ ಲೇಯರ್ ಅನ್ನುವುದು ನಿಜಕ್ಕೂ ಪದರವೇ ಆಗಿತ್ತು. ಕೈಯಲ್ಲಿ ಹಿಡಿಯಬಹುದಾದ, ಬೆಳಕಿಗೆ ಒಡ್ಡಿದರೆ ಆಚೆ ಬದಿ ಕಾಣುವ ಹಾಳೆ. ಇದರ ಶಕ್ತಿಯನ್ನು ಬೇಗ ಅರ್ಥ ಮಾಡಿಕೊಂಡವರಲ್ಲಿ ಕಾರ್ಟೂನ್ ಸಿನಿಮಾದವರೂ ಇದ್ದರು. 1915ರಲ್ಲಿ ಅಮೆರಿಕದ ಅರ್ಲ್ ಹರ್ಡ್ ಎಂಬಾತ ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಗಳನ್ನು ಹಿನ್ನೆಲೆಯ ಚಿತ್ರದ ಮೇಲೆ ಇಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಮರ, ಮನೆ, ಬೇಲಿ ಇರುವ ಹಿನ್ನೆಲೆಯನ್ನು ಒಂದೇ ಸಲ ಬರೆದರೆ ಸಾಕು, ಓಡುವ ನಾಯಿಯನ್ನು ಮಾತ್ರ ಪ್ರತಿ ಸಲ ಹೊಸ ಹಾಳೆಯಲ್ಲಿ ಬರೆಯಬೇಕು. ಬದಲಾಗುವುದನ್ನೂ ಬದಲಾಗದ್ದನ್ನೂ ಬೇರೆ ಬೇರೆ ಇಡುವುದು. ಈಗ ನಾವು ಮಾಡುತ್ತಿರುವುದಕ್ಕೂ ಬುಡ ಇದೇ.

ಭೂಮಿಯ ವಿನ್ಯಾಸಕ್ಕೆ ಇದನ್ನು ತಂದು ಹೆಸರಾದವರು ಇಯಾನ್ ಮೆಕ್‌ಹಾರ್ಗ್. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. 1969ರಲ್ಲಿ ಬಂದ 'ಡಿಸೈನ್ ವಿತ್ ನೇಚರ್' ಅವರ ಪುಸ್ತಕ. ಒಂದು ರಸ್ತೆ ಎಲ್ಲಿ ಹಾಯಬೇಕು ಅನ್ನುವ ಪ್ರಶ್ನೆಗೆ ಅವರು ಕಾಡಿಗೊಂದು, ನೀರಿಗೊಂದು, ಇಳಿಜಾರಿಗೊಂದು, ಚರಿತ್ರೆಯ ತಾಣಗಳಿಗೊಂದು ಪಾರದರ್ಶಕ ನಕ್ಷೆ ಮಾಡಿಸಿದರು. ಬೆಲೆಬಾಳುವ ಜಾಗ ಕಪ್ಪಗೆ, ಉಳಿದದ್ದು ತಿಳಿಯಾಗಿ. ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ ನೋಡಿದರೆ ತಿಳಿಯಾಗಿ ಉಳಿದ ದಾರಿಯೇ ರಸ್ತೆಗೆ ತಕ್ಕ ದಾರಿ. ಇಲ್ಲಿ ಹಾಳೆ ಅನ್ನುವುದು ಅನುಕೂಲ ಮಾತ್ರ ಆಗಿರಲಿಲ್ಲ, ಅದೊಂದು ವಾದವೂ ಆಗಿತ್ತು. ಒಂದು ಹಾಳೆ ತೆಗೆದಿಟ್ಟರೆ ಒಬ್ಬರ ಮಾತನ್ನು ಕೇಳದೆ ಬಿಟ್ಟ ಹಾಗೆ.

ಕಟ್ಟಡದ ಕಚೇರಿಗಳಲ್ಲಿ ಇದೇ ವಿದ್ಯೆ 1970ರ ದಶಕದಲ್ಲಿ 'ಪಿನ್-ಬಾರ್ ಡ್ರಾಫ್ಟಿಂಗ್' ಎಂಬ ಹೆಸರಿನಲ್ಲಿ ಬೆಳೆಯಿತು. ಕಾಗದ ತೇವಕ್ಕೆ ಹಿಗ್ಗುತ್ತೆ, ಒಣಗಿದರೆ ಕುಗ್ಗುತ್ತೆ, ಹಾಗಾಗಿ ಒಂದರ ಮೇಲೊಂದು ಇಟ್ಟರೆ ಗೆರೆ ಕೂಡುವುದಿಲ್ಲ. 1950ರ ದಶಕದಲ್ಲಿ ಡ್ಯುಪಾಂಟ್ ಕಂಪನಿ ಮಾರುಕಟ್ಟೆಗೆ ತಂದ ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಗೆ ಆ ತಾಪತ್ರಯ ಕಡಿಮೆ. ಹಾಳೆಯ ಅಂಚಿನಲ್ಲಿ ಸಾಲಾಗಿ ತೂತು, ಮೇಜಿನ ಮೇಲೆ ಅದಕ್ಕೆ ಹೊಂದುವ ಮೊಳೆಗಳಿರುವ ಲೋಹದ ಪಟ್ಟಿ. ತಳದ ಹಾಳೆಯಲ್ಲಿ ಗೋಡೆಗಳು. ಅದರ ಮೇಲೆ ಕಂಬ-ತೊಲೆಗಳವರ ಹಾಳೆ, ಕೊಳಾಯಿಯವರ ಹಾಳೆ, ವಿದ್ಯುತ್ತಿನವರ ಹಾಳೆ. ಬೇಕಾದ ಹಾಳೆಗಳನ್ನು ಮಾತ್ರ ಜೋಡಿಸಿ ಪ್ರಿಂಟ್ ತೆಗೆದರೆ ಆ ಕೆಲಸದವರಿಗೆ ಬೇಕಾದ ನಕ್ಷೆ ಸಿದ್ಧ.

ಇಲ್ಲೊಂದು ವಿಷಯ ಗಮನಿಸಿ. ಆ ಕಾಲದಲ್ಲಿ ಒಂದು ಪದರ ಅಂದರೆ ಒಬ್ಬ ಮನುಷ್ಯ. ಅದರ ಮೇಲೆ ಅವನ ಕೈಬರಹ, ಮೂಲೆಯಲ್ಲಿ ಅವನ ಕಚೇರಿಯ ಹೆಸರು. ಕಂಬಗಳ ಹಾಳೆಯನ್ನು ಯಾರಾದರೂ ತೆಗೆದಿಟ್ಟರೆ ಆ ಹಾಳೆ ಮೇಜಿನ ಮೇಲೇ ಬಿದ್ದಿರುತ್ತಿತ್ತು, ಕಣ್ಣಿಗೆ ರಾಚುತ್ತಿತ್ತು. ಕಳೆದುಹೋಗುವುದಕ್ಕೂ ಒಂದು ಸದ್ದಿತ್ತು ಅನ್ನಿ.

ಗಣಕದೊಳಕ್ಕೆ ಚಿತ್ರಕಲೆ ಬಂದದ್ದು ಇದಕ್ಕಿಂತ ಮೊದಲೇ. 1963ರಲ್ಲಿ ಎಂಐಟಿಯಲ್ಲಿ ಇವಾನ್ ಸದರ್‌ಲೆಂಡ್ ತಮ್ಮ ಪಿಎಚ್‌ಡಿಗಾಗಿ 'ಸ್ಕೆಚ್‌ಪ್ಯಾಡ್' ಎಂಬ ವ್ಯವಸ್ಥೆ ಮಾಡಿದರು. ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಗೆರೆ ಎಳೆಯಬಹುದಿತ್ತು. ಒಂದು ಮೂಲ ಚಿತ್ರ ಮಾಡಿ ಅದರ ಎಷ್ಟೋ ಪ್ರತಿಗಳನ್ನು ಇಡಬಹುದಿತ್ತು, ಮೂಲ ತಿದ್ದಿದರೆ ಎಲ್ಲ ಪ್ರತಿಗಳೂ ತಿದ್ದಿಕೊಳ್ಳುತ್ತಿದ್ದವು. ಇವತ್ತು ನಾವು ಬ್ಲಾಕ್, ಕಾಂಪೊನೆಂಟ್ ಅನ್ನುವುದರ ಮುತ್ತಜ್ಜ ಅದು. ಈ ಮುತ್ತಜ್ಜನನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತಾನೆ.

ಆದರೆ ಸಾಮಾನ್ಯ ಡ್ರಾಫ್ಟ್ಸ್‌ಮನ್ನನ ಮೇಜಿಗೆ ಗಣಕ ಬಂದದ್ದು 1982ರ ನಂತರ. ಆ ವರ್ಷ ಜಾನ್ ವಾಕರ್ ಮತ್ತು ಗೆಳೆಯರು ಸೇರಿ ಆಟೋಡೆಸ್ಕ್ ಕಂಪನಿ ಕಟ್ಟಿದರು. ಮೈಕ್ ರಿಡಲ್ ಎಂಬವರು ಬರೆದಿದ್ದ 'ಇಂಟರಾಕ್ಟ್' ಎಂಬ ತಂತ್ರಾಂಶದ ಮೇಲೆ ಆಟೋಕ್ಯಾಡ್ ನಿಂತಿತು. ಅದೇ ವರ್ಷದ ನವೆಂಬರಿನಲ್ಲಿ ಲಾಸ್ ವೇಗಾಸಿನ ಕಾಮ್‌ಡೆಕ್ಸ್ ಮೇಳದಲ್ಲಿ ಅದರ ಪ್ರದರ್ಶನ, ಡಿಸೆಂಬರಿನಲ್ಲಿ ಮಾರಾಟ.

ಪಿನ್-ಬಾರಿನ ಹಾಳೆಗಳೇ ಇಲ್ಲಿ ಲೇಯರುಗಳಾದವು. ಆದರೆ ಮೊದಲ ಆವೃತ್ತಿಗಳಲ್ಲಿ ಲೇಯರಿಗೆ ಹೆಸರು ಇರಲಿಲ್ಲ, ಸಂಖ್ಯೆ ಮಾತ್ರ. ಹೆಸರು ಇಡುವ ಸವಲತ್ತು ಆಮೇಲೆ ಬಂತು. ಹೆಸರುಗಳು ಬಂದ ಮೇಲೂ ಒಂದು ಸಂಖ್ಯೆ ಉಳಿದುಕೊಂಡಿತು. ಅದೇ ಲೇಯರ್ ಸೊನ್ನೆ. ಇವತ್ತಿಗೂ ಆಟೋಕ್ಯಾಡಿನಲ್ಲಿ ಹೊಸ ಕಡತ ತೆರೆದರೆ ಲೇಯರ್ ಸೊನ್ನೆ ಕೂತಿರುತ್ತೆ. ಅಳಿಸೋಕೆ ಬರುವುದಿಲ್ಲ, ಹೆಸರು ಬದಲಿಸೋಕೂ ಬರುವುದಿಲ್ಲ. ಅದಕ್ಕೊಂದು ವಿಶೇಷ ಗುಣವೂ ಇದೆ. ಸೊನ್ನೆಯಲ್ಲಿ ಬರೆದು ಮಾಡಿದ ಬ್ಲಾಕನ್ನು ಯಾವ ಲೇಯರಿನಲ್ಲಿ ತಂದಿಟ್ಟರೆ ಅದು ಆ ಲೇಯರಿನ ಬಣ್ಣವನ್ನೇ ತೊಟ್ಟುಕೊಳ್ಳುತ್ತದೆ. ನೀರಿನ ಹಾಗೆ, ಪಾತ್ರೆಯದೇ ಆಕಾರ.

ಆಗ ಬಣ್ಣ ಅನ್ನುವುದು ಅಲಂಕಾರ ಆಗಿರಲಿಲ್ಲ. ಪ್ಲಾಟರ್ ಎಂಬ ಯಂತ್ರ ನಿಜವಾದ ಪೆನ್ನು ಹಿಡಿದು ಕಾಗದದ ಮೇಲೆ ಬರೆಯುತ್ತಿತ್ತು. ಪರದೆಯ ಮೇಲಿನ ಕೆಂಪು ಅಂದರೆ ಒಂದು ಪೆನ್ನು, ಹಳದಿ ಅಂದರೆ ಇನ್ನೊಂದು. ಲೇಯರು ಬಣ್ಣವನ್ನು ಹೇಳುತ್ತಿತ್ತು, ಬಣ್ಣ ಪೆನ್ನನ್ನು ಹೇಳುತ್ತಿತ್ತು, ಪೆನ್ನು ಗೆರೆಯ ದಪ್ಪವನ್ನು ಹೇಳುತ್ತಿತ್ತು. ಕಡಿದ ಗೋಡೆಗೆ ದಪ್ಪ ಗೆರೆ, ಮೇಜು-ಕುರ್ಚಿಗೆ ತೆಳು ಗೆರೆ. ಪೆನ್ನಿನ ಪ್ಲಾಟರುಗಳು ಮೂಲೆ ಸೇರಿ ಎಷ್ಟೋ ಕಾಲವಾಯಿತು. ಆದರೆ ಬಣ್ಣದಿಂದ ಗೆರೆಯ ದಪ್ಪ ತೀರ್ಮಾನಿಸುವ ಪದ್ಧತಿ ಇನ್ನೂ ಬಹಳ ಕಚೇರಿಗಳಲ್ಲಿ ಇದೆ. ಯಂತ್ರ ಹೋಯಿತು, ಅದರ ಅಭ್ಯಾಸ ಉಳಿಯಿತು.

ಆಟೋಕ್ಯಾಡ್ ಜೊತೆಗೇ 1982ರಲ್ಲಿ ಡಿಎಕ್ಸ್‌ಎಫ್ ಎಂಬ ಕಡತ ರೂಪವೂ ಬಂತು. ಒಂದು ತಂತ್ರಾಂಶದ ಚಿತ್ರವನ್ನು ಇನ್ನೊಂದು ಓದಲಿ ಅಂತ. ಬರೀ ಅಕ್ಷರಗಳ ಕಡತ, ನೋಟ್‌ಪ್ಯಾಡಿನಲ್ಲೇ ತೆರೆಯಬಹುದು. ತೆರೆದು ನೋಡಿದರೆ ಪ್ರತಿಯೊಂದು ಗೆರೆಯ ವಿವರದಲ್ಲೂ ಒಂದು ಸಾಲಿನಲ್ಲಿ '8' ಅಂತ ಇರುತ್ತೆ, ಅದರ ಕೆಳಗಿನ ಸಾಲಿನಲ್ಲಿ ಲೇಯರಿನ ಹೆಸರು.

ಇದನ್ನು ಮೊದಲ ಸಲ ನೋಡಿದಾಗ ನನಗೆ ಸಣ್ಣ ಆಘಾತವಾಯಿತು. ನಾನು ಅಷ್ಟು ವರ್ಷ ಲೇಯರ್ ಅಂದರೆ ಒಂದು ಹಾಳೆ, ಅದರ ಮೇಲೆ ಗೆರೆಗಳಿವೆ ಅಂದುಕೊಂಡಿದ್ದೆ. ಅಲ್ಲಿ ಹಾಳೆಯೇ ಇಲ್ಲ! ಗೆರೆಗಳಿವೆ, ಪ್ರತಿ ಗೆರೆಯ ಕೊರಳಿಗೂ ಒಂದು ಚೀಟಿ ಕಟ್ಟಿದೆ, ಅಷ್ಟೇ. ಮದುವೆ ಮನೆಯ ಪಾತ್ರೆಗಳ ಮೇಲೆ ಹೆಸರು ಕೊರೆಸಿರುತ್ತಾರಲ್ಲ, ಹಾಗೆ. ಪಾತ್ರೆಗಳೆಲ್ಲ ಒಂದೇ ಕೋಣೆಯಲ್ಲಿ ಕಲೆತಿವೆ. ಯಾರದು ಯಾವುದು ಅಂತ ಹೆಸರು ಓದಿಯೇ ತಿಳಿಯಬೇಕು. ಹೆಸರು ತಪ್ಪಾಗಿ ಬರೆದಿದ್ದರೆ ತಡೆಯುವವರು ಯಾರೂ ಇಲ್ಲ. ಕಂಬಕ್ಕೆ 'ಟೆಂಪ್1' ಅಂತ ಚೀಟಿ ಕಟ್ಟಿದರೆ ಗಣಕ ತಕರಾರು ಮಾಡುವುದಿಲ್ಲ.

ಆಟೋಕ್ಯಾಡಿನಲ್ಲೇ ಇದಕ್ಕೊಂದು ಹಳೆಯ ಉದಾಹರಣೆ ಇದೆ. ಚಿತ್ರಕ್ಕೆ ಅಳತೆ ಹಾಕಿದರೆ 'ಡೆಫ್‌ಪಾಯಿಂಟ್ಸ್' ಎಂಬ ಲೇಯರು ತಾನಾಗಿಯೇ ಹುಟ್ಟುತ್ತದೆ. ಅದರಲ್ಲಿರುವುದು ಪರದೆಯ ಮೇಲೆ ಕಾಣುತ್ತೆ, ಪ್ರಿಂಟಿನಲ್ಲಿ ಬರುವುದಿಲ್ಲ. ಗೊತ್ತಿಲ್ಲದೆ ಅಲ್ಲಿ ಒಂದು ಗೋಡೆ ಬರೆದು, ಕಾಗದದ ಮೇಲೆ ಗೋಡೆ ಎಲ್ಲಿ ಹೋಯಿತು ಅಂತ ತಲೆ ಕೆರೆದುಕೊಂಡವರು ನಮ್ಮಲ್ಲಿ ಎಷ್ಟು ಜನವೋ :-)

ಹೆಸರೇ ಎಲ್ಲ ಆದ ಮೇಲೆ ಹೆಸರಿಗೊಂದು ಶಿಸ್ತು ಬೇಕಾಯಿತು. 1990ರಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್, ಅಂದರೆ ಎಐಎ, ಲೇಯರುಗಳಿಗೆ ಹೆಸರಿಡುವ ಮಾರ್ಗಸೂಚಿಯನ್ನು ಪ್ರಕಟಿಸಿತು. ಮೊದಲ ಅಕ್ಷರ ಯಾರ ಕೆಲಸ ಅನ್ನುವುದಕ್ಕೆ: ಎ ಅಂದರೆ ಆರ್ಕಿಟೆಕ್ಟ್, ಎಸ್ ಅಂದರೆ ಸ್ಟ್ರಕ್ಚರ್, ಪಿ ಅಂದರೆ ಪ್ಲಂಬಿಂಗ್, ಇ ಅಂದರೆ ಎಲೆಕ್ಟ್ರಿಕಲ್. ಆಮೇಲೆ ನಾಲ್ಕು ಅಕ್ಷರ ಏನು ಅನ್ನುವುದಕ್ಕೆ. 'ಎ-ವಾಲ್' ಅಂದರೆ ಆರ್ಕಿಟೆಕ್ಟರ ಗೋಡೆ, 'ಎ-ಡೋರ್' ಅಂದರೆ ಬಾಗಿಲು, 'ಎಸ್-ಕಾಲ್ಸ್' ಅಂದರೆ ಸ್ಟ್ರಕ್ಚರಿನವರ ಕಂಬ. 1998ರಲ್ಲಿ ಐಎಸ್‌ಒ 13567 ಎಂಬ ಅಂತರರಾಷ್ಟ್ರೀಯ ಮಾನಕವೂ ಬಂತು.

ಬೆಂಗಳೂರಿಗೂ ಈ ಅಕ್ಷರಗಳಿಗೂ ನಂಟಿದೆ. ಅಮೆರಿಕದ ಕಚೇರಿಗಳ ನಕ್ಷೆ ಕೆಲಸ ಇಲ್ಲಿಗೆ ಬರತೊಡಗಿದಾಗ ನಮ್ಮ ಎಷ್ಟೋ ಹುಡುಗ-ಹುಡುಗಿಯರು ಮೊದಲು ಕಲಿತದ್ದು ಈ ಹೆಸರುಗಳನ್ನು. ನಾನೂ ಕಲಿತೆ. ಆಗ ಬೇಸರ ಬರುತ್ತಿತ್ತು, ಇದೆಂಥ ಗುಮಾಸ್ತಗಿರಿ ಅಂತ. ಈಗ ಅನ್ನಿಸುತ್ತೆ, ಆ ಮೊದಲ ಅಕ್ಷರದಲ್ಲಿ ಪಿನ್-ಬಾರ್ ಕಾಲದ ಮನುಷ್ಯ ಇನ್ನೂ ಉಳಿದಿದ್ದಾನೆ. 'ಇದು ನನ್ನದು, ಮುಟ್ಟುವ ಮುಂಚೆ ನನ್ನನ್ನು ಕೇಳು' ಅಂತ ಆ ಅಕ್ಷರ ಹೇಳುತ್ತೆ. ಮೇಷ್ಟ್ರ ಮನೆಯ ಕಂಬಗಳು 'ಎಸ್-ಕಾಲ್ಸ್'ನಲ್ಲಿ ಇದ್ದಿದ್ದರೆ ಎಷ್ಟೇ ರಾತ್ರಿಯಾಗಿದ್ದರೂ ನಾನು ಅದನ್ನು ಆಫ್ ಮಾಡುತ್ತಿರಲಿಲ್ಲ.

ಇಲ್ಲಿಯವರೆಗಿನದು ನಕ್ಷೆ ಬರೆಯುವವರ ಕಥೆ. ಚಿತ್ರ ತೆಗೆಯುವವರದು ಬೇರೆಯೇ ವಂಶ. ತೊಂದರೆ ಹುಟ್ಟುವುದು ಈ ಎರಡು ವಂಶಗಳ ಸಂಬಂಧ ಕುದುರಿದಾಗ.

1990ರಲ್ಲಿ ಆಟೋಡೆಸ್ಕ್ ಕಂಪನಿಯೇ 'ತ್ರೀಡಿ ಸ್ಟುಡಿಯೋ' ತಂದಿತು, 1996ರಲ್ಲಿ ಅದು ವಿಂಡೋಸ್‌ಗೆ 'ಮ್ಯಾಕ್ಸ್' ಆಗಿ ಬಂತು. ಆಟೋಕ್ಯಾಡ್ ಚಿತ್ರವನ್ನು ಮ್ಯಾಕ್ಸಿಗೆ ತರುವಾಗ ಬಾಗಿಲಲ್ಲೇ ಒಂದು ಪ್ರಶ್ನೆ: ವಸ್ತುಗಳನ್ನು ಯಾವುದರ ಮೇಲೆ ವಿಂಗಡಿಸಲಿ, ಲೇಯರಿನ ಮೇಲೋ, ಬಣ್ಣದ ಮೇಲೋ, ಅಥವಾ ಒಂದೊಂದನ್ನೂ ಬಿಡಿಯಾಗಿ ತರಲೋ? ಲೇಯರ್ ಅಂದರೆ ಮನೆಯ ಗೋಡೆಗಳೆಲ್ಲ ಸೇರಿ ಒಂದೇ ಮುದ್ದೆ. ಬಿಡಿಯಾಗಿ ಅಂದರೆ ಸಾವಿರಾರು ತುಂಡು. ಎರಡರಲ್ಲೂ ಏನೋ ಕಳೆದುಹೋಗುತ್ತೆ. ಆ ಕಾಲದ '3ಡಿಎಸ್' ಎಂಬ ಕಡತ ರೂಪವಂತೂ ಇನ್ನೂ ಬಿಗಿ. ಒಂದು ವಸ್ತುವಿಗೆ 65,536ಕ್ಕಿಂತ ಹೆಚ್ಚು ಬಿಂದುಗಳು ಹಿಡಿಯುತ್ತಿರಲಿಲ್ಲ, ಚಿತ್ರಕಡತಗಳ ಹೆಸರು ಎಂಟು ಅಕ್ಷರ ದಾಟುವ ಹಾಗಿರಲಿಲ್ಲ. ದೊಡ್ಡ ಹೆಸರಿಟ್ಟರೆ ಕತ್ತರಿ.

ವೇವ್‌ಫ್ರಂಟ್ ಕಂಪನಿಯಿಂದ ಬಂದ 'ಓಬಿಜೆ' ಇನ್ನೊಂದು ಜನಪ್ರಿಯ ರೂಪ. ಅದರಲ್ಲಿ ವಸ್ತುವಿನ ಹೆಸರಿಗೆ, ಗುಂಪಿನ ಹೆಸರಿಗೆ, ಸಾಮಗ್ರಿಯ ಹೆಸರಿಗೆ ಸಾಲುಗಳಿವೆ. ಲೇಯರಿಗೆ ಅಂತ ಸಾಲೇ ಇಲ್ಲ. ಯಾಕೆಂದರೆ ಚಿತ್ರ ತೆಗೆಯುವವನಿಗೆ ಅದು ಬೇಕಿಲ್ಲ. ಬೆಳಕು ಬಿದ್ದಾಗ ಹೇಗೆ ಹೊಳೆಯುತ್ತೆ ಅನ್ನುವುದು ಅವನ ಚಿಂತೆ. ಹಾಗಾಗಿ ಅವನ ಪ್ರಶ್ನೆ 'ಇದು ಯಾವುದರಿಂದ ಮಾಡಿದ್ದು?' ನಕ್ಷೆಯವನ ಪ್ರಶ್ನೆ 'ಇದು ಏನು, ಯಾರದು?' ಕಂಬಕ್ಕೂ ಗೋಡೆಗೂ ಒಂದೇ ಬಿಳಿ ಬಣ್ಣ ಬಳಿದಿದ್ದರೆ ರೆಂಡರಿಂಗ್ ಕಣ್ಣಿಗೆ ಅವೆರಡೂ ಒಂದೇ. ಅದು ಕಟ್ಟಡವನ್ನು ಹೊರುವ ಕಂಬ ಅನ್ನುವುದು ಆ ಕಣ್ಣಿಗೆ ಕಾಣುವ ವಿಷಯವಲ್ಲ.

ಈ ನಡುವೆ ಸ್ಕೆಚ್‌ಅಪ್ ಬಂತು. ಅಮೆರಿಕದ ಕೊಲೊರಾಡೋದ ಬೌಲ್ಡರಿನಲ್ಲಿ ಹುಟ್ಟಿದ ಪುಟ್ಟ ಕಂಪನಿಯೊಂದು 2000ದಲ್ಲಿ ಹೊರತಂದದ್ದು. 2006ರಲ್ಲಿ ಗೂಗಲ್ ಅದನ್ನು ಕೊಂಡು ಉಚಿತ ಆವೃತ್ತಿ ಕೊಟ್ಟಿತು, 2012ರಲ್ಲಿ ಟ್ರಿಂಬಲ್ ಕಂಪನಿಗೆ ಮಾರಿತು. ಉಚಿತ ಅಂದ ಮೇಲೆ ಕೇಳಬೇಕೆ, ಊರೂರಿಗೆ ಹಬ್ಬಿತು. ನನ್ನ ಮೇಜಿಗೆ ಬರುವ ಮಾದರಿಗಳಲ್ಲಿ ಹೆಚ್ಚಿನವು ಅದರಲ್ಲೇ ಮಾಡಿದವು, ಮೇಷ್ಟ್ರ ಮನೆಯೂ.

ಸ್ಕೆಚ್‌ಅಪ್‌ನಲ್ಲೂ ಲೇಯರ್ ಇತ್ತು, ಅಲ್ಲೂ ಒಂದು 'ಲೇಯರ್ ಸೊನ್ನೆ' ಇತ್ತು. ಆದರೆ ಅಲ್ಲಿ ಅದರ ಸ್ವಭಾವ ಇನ್ನೂ ಮೋಸದ್ದು. ಎರಡು ಗೆರೆಗಳನ್ನು ಬೇರೆ ಬೇರೆ ಲೇಯರಿನಲ್ಲಿ ಎಳೆದರೂ ಒಂದನ್ನೊಂದು ಮುಟ್ಟಿದರೆ ಅಂಟಿಕೊಳ್ಳುತ್ತವೆ. ಕಾಣದ ಹಾಗೆ ಮುಚ್ಚಿಟ್ಟಿದ್ದರೂ ಅಂಟಿಕೊಳ್ಳುತ್ತವೆ. ಬೇರ್ಪಡಿಸಬೇಕಾದರೆ ಗ್ರೂಪ್ ಅಥವಾ ಕಾಂಪೊನೆಂಟ್ ಮಾಡಬೇಕು. ಸ್ಕೆಚ್‌ಪ್ಯಾಡಿನ ಮುತ್ತಜ್ಜ ಹೇಳಿದ್ದೆನಲ್ಲ, ಆತನ ವಂಶದ್ದು. ಬೇಲಿ ಹಾಕುವುದು ಗ್ರೂಪಿನ ಕೆಲಸ. ಲೇಯರು ಬರೀ ತೋರಿಸುವ, ಮುಚ್ಚುವ ಸ್ವಿಚ್ಚು. ಆಟೋಕ್ಯಾಡಿನಿಂದ ಬಂದ ನಮ್ಮಂಥವರೆಲ್ಲ ಲೇಯರನ್ನೇ ಬೇಲಿ ಅಂತ ನಂಬಿ ಕೆಟ್ಟೆವು. ಕೊನೆಗೆ 2020ರ ಆವೃತ್ತಿಯಲ್ಲಿ ಸ್ಕೆಚ್‌ಅಪ್‌ನವರೇ ಆ ಹೆಸರು ತೆಗೆದು 'ಟ್ಯಾಗ್' ಅಂತ ಇಟ್ಟರು. ಲೇಯರ್ ಸೊನ್ನೆ 'ಅನ್‌ಟ್ಯಾಗ್ಡ್' ಆಯಿತು. ಟ್ಯಾಗ್ ಅಂದರೆ ಚೀಟಿ. ಡಿಎಕ್ಸ್‌ಎಫ್ ಕಡತದಲ್ಲಿ 1982ರಿಂದ ಇದ್ದ ಸತ್ಯವನ್ನು ಕೊನೆಗೂ ಒಬ್ಬರು ಬಾಯಿಬಿಟ್ಟು ಒಪ್ಪಿಕೊಂಡ ಹಾಗೆ ನನಗೆ ಅನ್ನಿಸಿತು.

ಇನ್ನೊಂದು ಕಡೆ ಲೇಯರೇ ಬೇಡ ಅಂದವರೂ ಇದ್ದರು. 2000ದಲ್ಲಿ ಬಂದ, 2002ರಲ್ಲಿ ಆಟೋಡೆಸ್ಕ್ ಕೊಂಡ ರೆವಿಟ್‌ನಲ್ಲಿ ನೀವು ಗೆರೆ ಎಳೆಯುವುದಿಲ್ಲ, ಗೋಡೆಯನ್ನೇ ಇಡುತ್ತೀರಿ, ಕಂಬವನ್ನೇ ಇಡುತ್ತೀರಿ. ಕಂಬಕ್ಕೆ ತಾನು ಕಂಬ ಅಂತ ಹುಟ್ಟಿನಿಂದಲೇ ಗೊತ್ತು. ಅದನ್ನು 'ಟೆಂಪ್1'ಗೆ ಹಾಕೋಕೆ ಬರುವುದಿಲ್ಲ, ಅಲ್ಲಿ ಲೇಯರೇ ಇಲ್ಲ. ತಮಾಷೆ ಅಂದರೆ, ರೆವಿಟ್‌ನಿಂದ ಆಟೋಕ್ಯಾಡ್ ಕಡತ ಹೊರತೆಗೆಯುವಾಗ ಯಾವುದು ಯಾವ ಲೇಯರಿಗೆ ಹೋಗಬೇಕು ಅಂತ ಒಂದು ಪಟ್ಟಿ ಇರುತ್ತೆ, ಅದರಲ್ಲಿ ಎಐಎ ಹೆಸರುಗಳು ಹಾಗೇ ಇವೆ. ಬೇಡ ಅಂದವರೂ ಹೊರಗೆ ಹೊರಡುವಾಗ ಆ ಅಂಗಿ ತೊಡಲೇಬೇಕು.

ಕೊನೆಯ ಅಧ್ಯಾಯ ಆಟದ ಲೋಕದ್ದು. ಒಂದು ಚಿತ್ರಕ್ಕೆ ರಾತ್ರಿಯೆಲ್ಲ ಕಾಯುತ್ತಿದ್ದ ಕಾಲ ಹೋಗಿ, ಕಂಪ್ಯೂಟರ್ ಗೇಮಿನ ಹಾಗೆ ಮನೆಯೊಳಗೆ ಆಗಲೇ ನಡೆದಾಡುವ ಕಾಲ ಬಂತು. 2010ರಲ್ಲಿ ನೆದರ್‌ಲೆಂಡ್ಸಿನ ಆಕ್ಟ್-3ಡಿ ಕಂಪನಿ ಲೂಮಿಯಾನ್ ತಂದಿತು. ಫ್ರಾನ್ಸಿನ ಅಬ್ವೆಂಟ್ ಕಂಪನಿಯ ಟ್ವಿನ್‌ಮೋಷನ್ ಅನ್ನು 2019ರಲ್ಲಿ ಎಪಿಕ್ ಗೇಮ್ಸ್ ಕೊಂಡಿತು. ಇಲ್ಲಿ ಕೆಲಸ ಮಾಡುವುದು ಗ್ರಾಫಿಕ್ಸ್ ಕಾರ್ಡು, ಅದಕ್ಕೆ ಚಿಲ್ಲರೆ ಕೆಲಸ ಕಂಡರೆ ಆಗದು. ಐದು ಸಾವಿರ ಬಿಡಿ ವಸ್ತು ಇದ್ದರೆ ಐದು ಸಾವಿರ ಸಲ ಬರೆ ಅಂತ ಆಜ್ಞೆ ಕೊಡಬೇಕು, ಗತಿ ನಿಧಾನವಾಗುತ್ತೆ. ಮನೆಯ ಗಾಜನ್ನೆಲ್ಲ ಸೇರಿಸಿ ಒಂದೇ ವಸ್ತು, ಬಿಳಿ ಗೋಡೆಯನ್ನೆಲ್ಲ ಸೇರಿಸಿ ಇನ್ನೊಂದು ಮಾಡಿಕೊಟ್ಟರೆ ಸಲೀಸು.

ಹಾಗಾಗಿ ಟ್ವಿನ್‌ಮೋಷನ್‌ಗೆ ಮಾದರಿ ತರುವಾಗ ಮತ್ತೆ ಬಾಗಿಲಲ್ಲೇ ಪ್ರಶ್ನೆ: ಮೂಲದ ಜೋಡಣೆಯನ್ನು ಹಾಗೇ ಉಳಿಸಲೋ, ಸಾಮಗ್ರಿಯ ಲೆಕ್ಕದಲ್ಲಿ ಎಲ್ಲ ಒಟ್ಟುಗೂಡಿಸಲೋ? ಮ್ಯಾಕ್ಸ್ ಕೇಳಿದ್ದೂ ಇದೇ ಜಾತಿಯ ಪ್ರಶ್ನೆ. ಒಟ್ಟುಗೂಡಿಸಿದರೆ ವೇಗ. ಉಳಿಸಿದರೆ ಕಂಬ ಕಂಬವಾಗಿ ಉಳಿಯುತ್ತೆ. ಅವಸರದಲ್ಲಿರುವ ನಮ್ಮಂಥವರು ಯಾವುದನ್ನು ಒತ್ತುತ್ತೇವೆ ಅಂತ ಬೇರೆ ಹೇಳಬೇಕಿಲ್ಲ.

ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು ಇದು. ಹಾಳೆ ಇದ್ದಾಗ ಜವಾಬ್ದಾರಿ ಹಾಳೆಗೇ ಅಂಟಿಕೊಂಡಿತ್ತು. ಹಾಳೆ ಹೋಗಿ ಚೀಟಿ ಉಳಿದಾಗ ಜವಾಬ್ದಾರಿ ಚೀಟಿಯ ಮೇಲಿನ ಹೆಸರಿಗೆ ಬಂತು. ಇಂಪೋರ್ಟ್ ಮಾಡಿದಾಗ ಆ ಚೀಟಿಯೂ ಉದುರಬಹುದು, ಆಗ ಅದು ಬಾಗಿಲಲ್ಲಿ ನಿಂತ ಮನುಷ್ಯನ ಮೇಲೆ ಬೀಳುತ್ತದೆ. ಅಂದರೆ ನನ್ನ ಮೇಲೆ. ಲೇಯರುಗಳನ್ನು ಜೋಡಿಸುವುದು ಕಸ ಗುಡಿಸುವ ಕೆಲಸ ಅಂದುಕೊಂಡಿದ್ದೆ. ಅದು ಇನ್ನೊಬ್ಬರು ಬರೆದ ಕಾಗದ ಓದುವ ಕೆಲಸ. ಕೈಬರಹ ಕೆಟ್ಟದಾಗಿದೆ ಅಂತ ಓದದೆ ಹರಿದುಹಾಕೋಕೆ ಬರುವುದಿಲ್ಲ.

ಈಗ ನಾನು ಏನು ಮಾಡುತ್ತೇನೆ ಅಂದರೆ, ಮಾದರಿ ಬಂದ ಕೂಡಲೇ ಒಂದು ಪ್ರತಿ ಮುಟ್ಟದೆ ಹಾಗೇ ಎತ್ತಿಡುತ್ತೇನೆ. ಆಮೇಲೆ ಇಂಪೋರ್ಟ್ ಮಾಡುವ ಮುಂಚೆ, ಮೂಲ ತಂತ್ರಾಂಶದಲ್ಲೇ, ಒಂದೊಂದು ಲೇಯರನ್ನೂ ಒಂಟಿಯಾಗಿ ತೆರೆದು ನೋಡುತ್ತೇನೆ. ಉಳಿದದ್ದೆಲ್ಲ ಮುಚ್ಚಿ ಇದೊಂದನ್ನೇ. ಟೆಂಪ್, ನ್ಯೂ, ಫೈನಲ್2 ಅಂತ ಹೆಸರಿರುವುದನ್ನು ಎರಡು ಸಲ. ಬಿಡಿ ಗೆರೆಗಳೆಲ್ಲ ಅನ್‌ಟ್ಯಾಗ್ಡ್‌ನಲ್ಲಿ, ಚೀಟಿ ಗ್ರೂಪಿಗೆ ಮಾತ್ರ, ಇದು ಸ್ಕೆಚ್‌ಅಪ್ ಕಲಿಸಿದ ಪಾಠ. ಒಟ್ಟುಗೂಡಿಸುವುದೇ ಆದರೆ ಮರ, ಹುಲ್ಲು, ಕುರ್ಚಿಗಳನ್ನು ಮಾತ್ರ. ಹೊರುವ ಕಂಬ, ತೊಲೆ, ಮೆಟ್ಟಿಲುಗಳನ್ನು ಬೇರೆ ಕಡತವಾಗಿ, ಅದೇ ಮೂಲಬಿಂದುವಿನಿಂದ ಹೊರತೆಗೆದು ತರುತ್ತೇನೆ. ಆ ಮೂಲಬಿಂದು ಅನ್ನುವುದು ಪಿನ್-ಬಾರಿನ ಮೊಳೆಯೇ, ಬೇರೇನಲ್ಲ. ಅದು ಒಂದೇ ಇದ್ದರೆ ಎಷ್ಟು ಕಡತ ಮಾಡಿದರೂ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಆಮೇಲೆ, ಯಾವ ಲೇಯರನ್ನು ಯಾಕೆ ಆಫ್ ಮಾಡಿದೆ ಅಂತ ಒಂದು ಸಾಲು ಬರೆದು ಚಿತ್ರದ ಜೊತೆಗೇ ಕಳಿಸುತ್ತೇನೆ. ಆ ಸಾಲನ್ನು ಓದಿ 'ಅಯ್ಯೋ, ಅದರಲ್ಲಿ ಮೆಟ್ಟಿಲ ಕಟಾಂಜನ ಇದೆ' ಅಂತ ಫೋನ್ ಬಂದದ್ದೂ ಉಂಟು.

ಇದಕ್ಕೆಲ್ಲ ಒಂದು ಮನೆಗೆ ಒಂದೂವರೆ ಗಂಟೆ ಹೆಚ್ಚು ಹಿಡಿಯುತ್ತದೆ. ಯಾರೂ ಅದಕ್ಕೆ ದುಡ್ಡು ಕೊಡುವುದಿಲ್ಲ.

ಮೇಷ್ಟ್ರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಕರೆದಿದ್ದರು, ಅದೇ ದೊಡ್ಡದು. ಕಂಬಗಳನ್ನು ಸೇರಿಸಿ ಹೊಸ ಚಿತ್ರ ಮಾಡಿ, ಕಟ್ಟು ಹಾಕಿಸಿ ತೆಗೆದುಕೊಂಡು ಹೋದೆ. ಹಳೆಯದನ್ನು ಇಳಿಸಿ ಇದನ್ನು ಹಾಕಿ ಸಾರ್ ಅಂದೆ. ಅವರು ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದರು. 'ಹೊಸದು ಇಲ್ಲಿರಲಿ. ಹಳೆಯದನ್ನು ನೀವೇ ಇಟ್ಟುಕೊಳ್ಳಿ' ಅಂದರು. ಬೇಸರದಿಂದ ಹೇಳಿದರೋ, ಬುದ್ಧಿ ಹೇಳಿದರೋ ಗೊತ್ತಾಗಲಿಲ್ಲ. ಮಗ ಕಾರನ್ನು ಹಿಂದೆ ಮುಂದೆ ಮಾಡಿ ಮೂರನೇ ಸಲಕ್ಕೆ ಕಂಬ ದಾಟಿಸಿ ಒಳಗೆ ತಂದ.

ಆ ಚಿತ್ರ ಈಗ ನನ್ನ ಮೇಜಿನ ಎದುರಿನ ಗೋಡೆಯ ಮೇಲಿದೆ. ಬಂದವರೆಲ್ಲ ಮೆಚ್ಚುತ್ತಾರೆ, ಚೆನ್ನಾಗಿದೆಯಲ್ಲ ಪೋರ್ಟಿಕೋ ಅಂತ. ಹೌದು, ಚೆನ್ನಾಗಿದೆ. ನಿಲ್ಲುವುದಿಲ್ಲ, ಅಷ್ಟೇ.